ತಾನಾಗಿ ತೆರೆಯುವ ಬಾಗಿಲು: ಸರ್ ಎಂ. ವಿಶ್ವೇಶ್ವರಯ್ಯನವರ ಜೀವನ

ನಮ್ಮ ಕಳವಾದಲ್ಲಿ ನಲ್ಲಿಗಳಿಗೆ ನೀರು ಬರುವುದು ಗೊತ್ತಾದ ಹೊತ್ತಿಗೆ ಮಾತ್ರ. ಆ ಹೊತ್ತಿಗೆ ಮುಂಚೆ ಒಬ್ಬನು ಉದ್ದವಾದ ಕಬ್ಬಿಣದ ಚಾವಿಯನ್ನು ಹಿಡಿದು ಬಂದು, ರಸ್ತೆಯ ಬದಿಯಲ್ಲಿರುವ ಗುಂಡಿಯ ಮುಚ್ಚಳವನ್ನು ಸರಿಸಿ, ಚಾವಿಯನ್ನು ಒಳಗಿಳಿಸಿ ಮೆಲ್ಲಗೆ ತಿರುಗಿಸುವನು. ಮುಂಬಯಿ ಸೀಮೆಯಲ್ಲಿ ಇವನಿಗೆ ಚಾವಿವಾಲಾ ಎಂದು ಹೆಸರು. ನೆಲದೊಳಗಿನ ಕವಾಟವು ಅವನ ಕಣ್ಣಿಗೆ ಬೀಳುವುದಿಲ್ಲ. ಅದು ಎಷ್ಟು ತೆರೆದಿದೆ ಎಂಬುದನ್ನು ಅವನು ಚಾವಿಯ ಸುತ್ತುಗಳನ್ನು ಎಣಿಸಿ ತಿಳಿಯುತ್ತಾನೆ. ಎಣಿಕೆಯು ತಪ್ಪಿದರೆ ಒಂದು ಬೀದಿಗೆ ನೀರು ಹೆಚ್ಚಾಗಿ ಹರಿದು, ಇನ್ನೊಂದು ಬೀದಿಯ ಕೊಡಗಳು ಬರಿದಾಗಿಯೇ ಉಳಿಯುವುವು.

ನಮ್ಮ ಹಿರಿಯರು ಬಿಟ್ಟುಬಂದ ಹಳ್ಳಿಗಳಲ್ಲಿಯೂ ಇಂಥ ಒಬ್ಬ ಮನುಷ್ಯನಿರುತ್ತಿದ್ದನು. ಹಳೆಯ ಮೈಸೂರು ಸೀಮೆಯಲ್ಲಿ ಅವನನ್ನು ನೀರುಗಂಟಿಯೆಂದು ಕರೆಯುತ್ತಿದ್ದರು. ಕೆರೆಯ ತೂಬನ್ನು ತೆಗೆಯುವವನೂ ಅವನೇ, ಮುಚ್ಚುವವನೂ ಅವನೇ. ತೂಬೆಂದರೆ ಏರಿಯ ಒಳಮಗ್ಗುಲಲ್ಲಿ, ನೀರಿನ ತಳದಲ್ಲಿರುವ ಕಂಡಿ. ಅದರ ಬಾಯಿಗೆ ಒಂದು ಬಿರಡೆ, ಬಿರಡೆಗೆ ಒಂದು ಉದ್ದನೆಯ ಕೋಲು. ಕೋಲನ್ನು ಎತ್ತಿದಷ್ಟು ನೀರು ಹರಿಯುವುದು. ಆಳದಲ್ಲಿರುವ ಬಿರಡೆಯು ಕಾಣದಿದ್ದರೂ, ಮೇಲೆ ಕಾಣುವ ಕೋಲಿನ ಉದ್ದವನ್ನು ನೋಡಿ ಕೆಳಗೆ ಬಾಯಿ ಎಷ್ಟು ತೆರೆದಿದೆಯೆಂದು ಹೇಳಬಹುದಾಗಿತ್ತು.

ಕವಾಟವೆಂಬ ಸಂಸ್ಕೃತ ಶಬ್ದಕ್ಕೆ ಬಾಗಿಲೆಂದೇ ಅರ್ಥ. ಕಾರ್ಖಾನೆಯಲ್ಲಿ ದುಡಿಯುವ ನಮ್ಮ ತಂದೆಯವರು ವಾಲ್ವು ಎಂದು ಹೇಳುವುದೂ ಇದನ್ನೇ. ತೂಬಾಗಲಿ, ಬೀದಿಯ ವಾಲ್ವಾಗಲಿ, ಮಹಾನದಿಗಳ ಅಣೆಕಟ್ಟಿನ ಬಾಗಿಲಾಗಲಿ, ಎಲ್ಲವುಗಳ ಮುಂದೆಯೂ ನಿಲ್ಲುವ ಪ್ರಶ್ನೆಗಳು ಎರಡೇ: ಇದನ್ನು ಎಷ್ಟು ತೆರೆಯಬೇಕು? ಈಗ ಇದು ಎಷ್ಟು ತೆರೆದಿದೆ? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತ, ಕಾಯುವವನು ನಿದ್ರಿಸಿದರೂ ನಿದ್ರಿಸದಂಥ ಬಾಗಿಲುಗಳನ್ನು ನಿರ್ಮಿಸಿದ ಒಬ್ಬ ಕನ್ನಡಿಗರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲಾಗಿದೆ. ಅವರೇ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರು 1861ನೆಯ ಇಸವಿ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಇವರ ಪೂರ್ವಿಕರು ಆಂಧ್ರದೇಶದ ಮೋಕ್ಷಗುಂಡವೆಂಬ ಗ್ರಾಮದಿಂದ ಬಂದು ಇಲ್ಲಿ ನೆಲೆಸಿದವರಾದುದರಿಂದ ಆ ಊರಿನ ಹೆಸರು ಮನೆತನಕ್ಕೆ ಅಂಟಿಕೊಂಡಿತು. ಆ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ದೊಡ್ಡ ನದಿಯಿಲ್ಲ. ಮಳೆಗಾಲದಲ್ಲಿ ಕೆರೆಯಲ್ಲಿ ನಿಂತ ನೀರೇ ವರ್ಷದ ಬಾಳಿಗೆಲ್ಲ ಆಧಾರ. ಕೆರೆ ತುಂಬಿದರೆ ಅನ್ನ, ಬತ್ತಿದರೆ ಬರ ಎಂಬುದು ಅಲ್ಲಿಯ ಮಕ್ಕಳಿಗೆ ಯಾರೂ ಕಲಿಸದೆಯೇ ತಿಳಿಯುವ ಪಾಠವಾಗಿತ್ತು.

ಬಾಲಕನು ಇನ್ನೂ ವಿದ್ಯಾರ್ಥಿಯಾಗಿರುವಾಗಲೇ ತಂದೆಯವರು ತೀರಿಕೊಂಡರು. ಮನೆಯಲ್ಲಿ ಐಶ್ವರ್ಯವಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಮೊದಲ ಓದನ್ನು ಮುಗಿಸಿ, ಸೋದರಮಾವನ ಆಶ್ರಯದಲ್ಲಿ ಬೆಂಗಳೂರನ್ನು ಸೇರಿ, ಇನ್ನೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿ ತನ್ನ ವೆಚ್ಚವನ್ನು ತಾನೇ ಸಂಪಾದಿಸಿಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಸಹಾಯದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ ಎಂಜಿನಿಯರಿಂಗ್ ಶಾಸ್ತ್ರವನ್ನು ಅಭ್ಯಾಸಮಾಡಿದರು. 1883ರ ಪರೀಕ್ಷೆಯಲ್ಲಿ ಇವರದು ಮೊದಲನೆಯ ಸ್ಥಾನ. ಮರುವರ್ಷವೇ ಮುಂಬಯಿ ಸರ್ಕಾರವು ಇವರನ್ನು ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರರನ್ನಾಗಿ ನಿಯಮಿಸಿತು.

ಇಲ್ಲಿ ನಾವು ಕ್ಷಣಕಾಲ ನಿಂತು ಒಂದು ಸಂಗತಿಯನ್ನು ನೆನೆಯಬೇಕು. ನಮ್ಮ ತಂದೆತಾತಂದಿರು ಉದ್ಯೋಗಕ್ಕಾಗಿ ಕನ್ನಡನಾಡಿನಿಂದ ಈ ಕಡೆಗೆ ಬಂದಂತೆಯೇ ವಿಶ್ವೇಶ್ವರಯ್ಯನವರೂ ಬಂದವರು. ಅವರ ಕೀರ್ತಿಯು ಮೈಸೂರಿನೊಡನೆ ಸೇರಿಕೊಂಡಿದ್ದರೂ, ಯೌವನದ ಸುಮಾರು 24 ವರ್ಷಗಳು ಮುಂಬಯಿ ಪ್ರಾಂತದ ಸೇವೆಯಲ್ಲಿಯೇ ಕಳೆದುವು. ನಾಸಿಕ, ಖಾನದೇಶ, ಸೂರತ್ತು, ಪುಣೆ ಇವೇ ಅವರ ಕಾರ್ಯಕ್ಷೇತ್ರಗಳು. ಪುಣೆಯಲ್ಲಿ ಅವರಿಗೆ ಮಹಾದೇವ ಗೋವಿಂದ ರಾನಡೆ, ಗೋಪಾಲಕೃಷ್ಣ ಗೋಖಲೆ ಮೊದಲಾದ ದೇಶಹಿತಚಿಂತಕರ ಪರಿಚಯವು ಲಭಿಸಿತು. ಪರರ ನಾಡೆಂಬ ಭಾವನೆಯಿಲ್ಲದೆ ಅಲ್ಲಿಯ ರೈತನ ನೀರನ್ನು ತನ್ನ ಹಳ್ಳಿಯ ಕೆರೆಯ ನೀರಿನಂತೆ ಕಂಡವರು ಅವರು.

ಖಾನದೇಶದ ಧುಳೆಯ ಸಮೀಪದಲ್ಲಿ ಪಾಂಝರಾ ನದಿಯ ಕಣಿವೆಯನ್ನು ದಾಟಿಸಿ ಕಾಲುವೆಯ ನೀರನ್ನು ಕೊಂಡೊಯ್ಯಲು ಕೊಳವೆಯೊಂದನ್ನು ಹಾಕುವ ಕೆಲಸವು ಆರಂಭದಲ್ಲಿಯೇ ಅವರ ಪಾಲಿಗೆ ಬಂದಿತು. ಮಳೆಗಾಲದ ಪ್ರವಾಹಗಳ ನಡುವೆ ಆ ಕಾರ್ಯವನ್ನು ಅವರು ಮುಗಿಸಿಕೊಟ್ಟರು. 1890ರ ದಶಕದಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಸಿಂಧದ ಸಕ್ಕರ ಪಟ್ಟಣಕ್ಕೆ ನೀರಿನ ಸೌಕರ್ಯವನ್ನು ಕಲ್ಪಿಸುವ ಹೊಣೆ ಬಿದ್ದಿತು. ಸಿಂಧೂ ನದಿಯ ನೀರು ಕೆಸರಿನಿಂದ ತುಂಬಿದ್ದು. ಅದನ್ನು ಸೋಸಲು ಬೇಕಾದ ದೊಡ್ಡ ವೆಚ್ಚವನ್ನು ಆ ಪಟ್ಟಣವು ಹೊರಲಾರದು. ಆದುದರಿಂದ ನದಿಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿಸಿ, ಮರಳಿನ ಮೂಲಕ ಜಿನುಗಿ ತಿಳಿಯಾಗಿ ಬಂದ ನೀರನ್ನು ಮೇಲೆತ್ತುವ ಉಪಾಯವನ್ನು ಅವರು ಮಾಡಿದರು. ಪ್ರಕೃತಿಯು ತಾನಾಗಿ ಮಾಡಬಲ್ಲ ಕೆಲಸವನ್ನು ಪ್ರಕೃತಿಯ ಕೈಯಿಂದಲೇ ಮಾಡಿಸುವುದು ಅವರ ಬುದ್ಧಿಯ ವಿಶೇಷ. ಮುಂದೆ ಖಡಕ್‌ವಾಸ್ಲೆಯಲ್ಲಿ ಪ್ರಕಾಶಕ್ಕೆ ಬಂದುದೂ ಇದೇ ಗುಣವೇ.

ಪುಣೆಯಿಂದ ಕೆಲವೇ ಮೈಲಿಗಳ ದೂರದಲ್ಲಿ, ಮುಠಾ ನದಿಗೆ ಅಡ್ಡಲಾಗಿ ಖಡಕ್‌ವಾಸ್ಲೆಯ ಕಟ್ಟೆಯಿದೆ. ಅದರ ಹಿಂದೆ ನಿಂತ ಜಲರಾಶಿಗೆ, ಅದನ್ನು ಯೋಜಿಸಿದ ಆಂಗ್ಲ ಎಂಜಿನಿಯರರ ಹೆಸರಿನಿಂದ, ಆ ಕಾಲದಲ್ಲಿ ಫೈಫ್ ಸರೋವರವೆಂದು ಹೆಸರಿತ್ತು. ಪುಣೆ ನಗರವೂ ದಂಡುಪ್ರದೇಶವೂ ಕಾಲುವೆಯ ರೈತರೂ ಈ ನೀರನ್ನೇ ನಂಬಿದ್ದರು. ಮಳೆಗಾಲದಲ್ಲಿ ಸರೋವರವು ತುಂಬಿ, ಹೆಚ್ಚಾದ ನೀರು ಕೋಡಿಯ ಮೇಲಿಂದ ಧುಮುಕಿ ವ್ಯರ್ಥವಾಗಿ ಹರಿದುಹೋಗುತ್ತಿತ್ತು. ಬೇಸಗೆ ಬಂದಾಗ ಅದೇ ನೀರಿಗಾಗಿ ಬಾಯಿಬಿಡಬೇಕಾಗುತ್ತಿತ್ತು. ಕೋಡಿಯ ಗೋಡೆಯನ್ನು ಎತ್ತರಿಸಿದರೆ ಹೆಚ್ಚು ನೀರು ನಿಲ್ಲುವುದು ನಿಜ. ಆದರೆ ಮಹಾಪ್ರವಾಹ ಬಂದಾಗ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಕಟ್ಟೆಗೇ ಅಪಾಯ ಸಂಭವಿಸುವುದು. ಎತ್ತರಿಸದಿದ್ದರೆ ಬಾಯಾರಿಕೆ, ಎತ್ತರಿಸಿದರೆ ಭಯ ಎಂಬ ಇಕ್ಕಟ್ಟು ಇದು.

ಕೋಡಿಯ ಮೇಲೆ ಬಾಗಿಲುಗಳನ್ನು ಇಡಬಹುದು. ಪ್ರವಾಹ ಬಂದಾಗ ತೆರೆದು, ಇಳಿದಾಗ ಮುಚ್ಚಬಹುದು. ಆದರೆ ಪ್ರವಾಹವು ಹೇಳಿ ಬರುವುದಿಲ್ಲ. ಅದು ಕತ್ತಲೆಯ ರಾತ್ರಿಯಲ್ಲಿ, ಸುರಿಯುವ ಮಳೆಯಲ್ಲಿ ಬಂದರೆ ಅಷ್ಟೊಂದು ಭಾರದ ಬಾಗಿಲುಗಳನ್ನು ಯಾರು ಎತ್ತುವರು? ಒಬ್ಬ ಕಾವಲುಗಾರನು ಒಂದು ಗಳಿಗೆ ಮೈಮರೆತರೆ ಕೆಳಗಿನ ನಗರದ ಗತಿಯೇನು? ಇದನ್ನೆಲ್ಲ ಚಿಂತಿಸಿದ ವಿಶ್ವೇಶ್ವರಯ್ಯನವರು, ಬಾಗಿಲನ್ನು ತೆರೆಯುವ ಕೆಲಸವನ್ನು ಪ್ರವಾಹದ ನೀರಿಗೇ ಒಪ್ಪಿಸಿದರು. ಸರೋವರದ ಮಟ್ಟವು ಗೊತ್ತಾದ ಎತ್ತರವನ್ನು ಮುಟ್ಟುವವರೆಗೆ ಮುಚ್ಚಿಕೊಂಡಿದ್ದು, ಮೀರಿದೊಡನೆ ತಾವಾಗಿ ತೆರೆದು, ಮಟ್ಟವು ಇಳಿದಾಗ ತಾವಾಗಿ ಮುಚ್ಚಿಕೊಳ್ಳುವ ಬಾಗಿಲುಗಳು ಅವರ ಕಲ್ಪನೆಯಿಂದ ಮೂಡಿ, 1903ರಲ್ಲಿ ಖಡಕ್‌ವಾಸ್ಲೆಯಲ್ಲಿ ಸ್ಥಾಪಿತವಾದುವು. ಕಟ್ಟೆಯನ್ನು ಹೊಸದಾಗಿ ಎತ್ತರಿಸದೆಯೇ, ಪ್ರವಾಹವು ಮುಟ್ಟಬಹುದಾದ ಅತ್ಯಂತ ಮೇಲಿನ ಮಟ್ಟದವರೆಗೂ ನೀರನ್ನು ಕೂಡಿಡಲು ಇದರಿಂದ ಸಾಧ್ಯವಾಯಿತು.

ಈ ಯಂತ್ರದ ತತ್ತ್ವವನ್ನು ತಿಳಿಯುವುದು ನಮಗೆ ಕಷ್ಟವಲ್ಲ. ನೀರು ತುಂಬಿದ ದೊಡ್ಡ ಪೀಪಾಯಿಯಲ್ಲಿ ತುಂಬಿದ ಚೊಂಬೊಂದನ್ನು ಮುಳುಗಿಸಿ ನಿಧಾನವಾಗಿ ಮೇಲೆತ್ತಿರಿ. ಚೊಂಬು ನೀರೊಳಗಿರುವವರೆಗೂ ಹಗುರವಾಗಿ ಬರುವುದು. ಹೊರಗೆ ಬಂದ ಕೂಡಲೇ ಕೈಗೆ ಭಾರವೆನಿಸುವುದು. ನೀರು ತನ್ನಲ್ಲಿ ಮುಳುಗಿದ ವಸ್ತುವನ್ನು ಮೇಲಕ್ಕೆ ಒತ್ತುತ್ತದೆ. ಆರ್ಕಿಮಿಡೀಸನ ತತ್ತ್ವವೆಂದು ನಾವು ಓದುವುದು ಇದನ್ನೇ. ಇನ್ನು ಒಂದು ತಕ್ಕಡಿಯನ್ನು ಭಾವಿಸಿಕೊಳ್ಳಿರಿ. ಅದರ ಒಂದು ಕಡೆಯಲ್ಲಿ ಕೋಡಿಯ ಬಾಗಿಲು. ಸರಪಣಿಯು ರಾಟೆಯ ಮೇಲೆ ಹಾದು ಬಂದು ಇನ್ನೊಂದು ಕಡೆಯಲ್ಲಿ ಭಾರವಾದ ಎದುರುತೂಕಕ್ಕೆ ಸೇರಿದೆ. ಈ ಎದುರುತೂಕವು ತೂಗುವುದು ಒಂದು ಬಾವಿಯೊಳಗೆ. ಸರೋವರದ ಮಟ್ಟವು ಗುರುತಿನ ಕೆಳಗಿರುವವರೆಗೂ ಬಾವಿಗೆ ನೀರು ಬರುವುದಿಲ್ಲ; ತಕ್ಕಡಿಯು ಅಲುಗದೆ ನಿಂತಿರುವುದು. ಮಟ್ಟವು ಗುರುತನ್ನು ಮೀರಿದೊಡನೆ ನೀರು ಕೊಳವೆಯ ದಾರಿಯಿಂದ ಬಾವಿಯೊಳಕ್ಕೆ ನುಗ್ಗುವುದು. ನೀರಿನ ಒತ್ತಡದಿಂದ ತೂಕವು ಹಗುರಾಗಿ ತಕ್ಕಡಿಯ ಸಮತೆಯು ತಪ್ಪುವುದು. ಬಾಗಿಲು ತನ್ನ ಗಾಡಿಯಲ್ಲಿ ಸರಿದು ದಾರಿಬಿಡುವುದು. ಪ್ರವಾಹವಿಳಿದು ಬಾವಿಯ ನೀರು ಹೊರಟುಹೋದ ಮೇಲೆ ತೂಕವು ಮತ್ತೆ ಭಾರವಾಗಿ ಬಾಗಿಲು ಮುಚ್ಚಿಕೊಳ್ಳುವುದು. ಎತ್ತುವ ಆಳು ಬೇಡ. ಆವಿಯ ಯಂತ್ರವೂ ಬೇಡ, ವಿದ್ಯುತ್ತೂ ಬೇಡ.

ಈ ಏರ್ಪಾಡಿನಲ್ಲಿ ಇನ್ನೊಂದು ಗುಣವಿದೆ. ಬಾಗಿಲೂ ಎದುರುತೂಕವೂ ಒಂದೇ ಸರಪಣಿಯ ಎರಡು ತುದಿಗಳಾದುದರಿಂದ, ಒಂದರ ಚಲನೆಯು ಇನ್ನೊಂದರ ಚಲನೆಗೆ ಅಳತೆಗೋಲಾಗುತ್ತದೆ. ನೊರೆಯ ನಡುವೆ ಬಾಗಿಲು ಕಾಣದಿದ್ದರೂ, ತೂಕವು ಎಲ್ಲಿ ನಿಂತಿದೆಯೆಂದು ನೋಡಿದವನಿಗೆ ಬಾಗಿಲು ಎಷ್ಟು ತೆರೆದಿದೆಯೆಂದು ತಿಳಿಯುವುದು. ನೀರುಗಂಟಿಯ ಕೋಲು ಮಾಡುತ್ತಿದ್ದುದೂ ಇದೇ ಅಲ್ಲವೆ? ಇಂದು ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳಲ್ಲಿ ಕೆಲವು ವಾಲ್ವುಗಳ ಚಕ್ರವನ್ನು ತಿರುಗಿಸಿದಂತೆ ಅವುಗಳ ದಂಡವು ಮೇಲೇಳುತ್ತದೆ. ಕೆಲವಕ್ಕೆ ಗಡಿಯಾರದ ಮುಳ್ಳಿನಂಥ ಸೂಚಕವಿರುತ್ತದೆ. ಇನ್ನು ಕೆಲವು ತಮ್ಮ ಸ್ಥಾನವನ್ನು ತಂತಿಯ ಮೂಲಕ ದೂರದ ಕೋಣೆಗೆ ತಿಳಿಸುತ್ತವೆ. ಸಾಧನಗಳು ಬದಲಾದರೂ ಅಗತ್ಯವು ಬದಲಾಗಿಲ್ಲ. ಕಾಣದ ಬಾಗಿಲು ತನ್ನ ಸ್ಥಿತಿಯನ್ನು ಕಾಣುವವನಿಗೆ ನಿಜವಾಗಿ ಹೇಳಬೇಕು. ನಮ್ಮ ಕಟ್ಟಡಗಳ ಮಾಳಿಗೆಯ ತೊಟ್ಟಿಯಲ್ಲಿ ತೇಲುವ ಚೆಂಡು ನೀರು ತುಂಬಿದಾಗ ನಲ್ಲಿಯನ್ನು ಮುಚ್ಚುತ್ತದಲ್ಲವೆ? ಅದೂ ಈ ಕುಟುಂಬದ ಚಿಕ್ಕ ಕೂಸೇ.

ವಿಶ್ವೇಶ್ವರಯ್ಯನವರು ಈ ಬಾಗಿಲುಗಳಿಗೆ ಪೇಟೆಂಟನ್ನು ಪಡೆದರು. ಹಾಗೆ ಪಡೆದವರು ಅದನ್ನು ಬಳಸುವವರಿಂದ ಹಣವನ್ನು ತೆಗೆದುಕೊಳ್ಳಬಹುದು. ಅದು ನ್ಯಾಯವೂ ಆಗಿದೆ. ಆದರೆ ಸರ್ಕಾರದ ಸಂಬಳವನ್ನು ಪಡೆಯುತ್ತಿರುವಾಗ ಸರ್ಕಾರದ ಕೆಲಸಕ್ಕಾಗಿ ಮಾಡಿದ ಶೋಧನೆಗೆ ಬೇರೆ ಹಣವನ್ನು ಪಡೆಯುವುದು ಅವರ ಮನಸ್ಸಿಗೆ ಒಪ್ಪಲಿಲ್ಲ. ಅವರು ಆ ಧನವನ್ನು ತೆಗೆದುಕೊಳ್ಳಲಿಲ್ಲ. ಮುಂದೆ ಇದೇ ಬಗೆಯ ಬಾಗಿಲುಗಳು ಗ್ವಾಲಿಯರಿನ ತಿಗ್ರಾ ಕಟ್ಟೆಯಲ್ಲಿಯೂ ಮೈಸೂರಿನ ಕೃಷ್ಣರಾಜಸಾಗರದಲ್ಲಿಯೂ ಬಳಕೆಗೆ ಬಂದುವು.

ಬಾಗಿಲಿನಿಂದ ಹೊರಬಂದ ನೀರನ್ನು ಹಂಚುವ ವಿಷಯದಲ್ಲಿಯೂ ಅವರ ದೃಷ್ಟಿಯು ಇಂಥದೇ. ಪುಣೆ ಜಿಲ್ಲೆಯ ನೀರಾ ಕಾಲುವೆಯ ಪ್ರದೇಶದಲ್ಲಿ ಕೆಲವರು ಕಬ್ಬಿಗೆ ಮಿತಿಮೀರಿ ನೀರನ್ನು ಹರಿಸುತ್ತಿದ್ದರು. ಅವರ ಹೊಲಗಳು ಜೌಗಾಗುತ್ತಿದ್ದುವು. ಉಳಿದವರ ಹೊಲಗಳು ಒಣಗುತ್ತಿದ್ದುವು. ವಿಶ್ವೇಶ್ವರಯ್ಯನವರು ಭೂಮಿಯನ್ನು ಗೊತ್ತಾದ ಕಟ್ಟುಗಳಾಗಿ ವಿಂಗಡಿಸಿ, ಪ್ರತಿಯೊಂದು ಕಟ್ಟಿನಲ್ಲಿ ಒಂದು ಭಾಗಕ್ಕೆ ಮಾತ್ರ ಕಬ್ಬು, ಉಳಿದ ಭಾಗಕ್ಕೆ ಕಡಿಮೆ ನೀರಿನ ಬೆಳೆ, ಇವು ವರ್ಷವರ್ಷಕ್ಕೂ ಸರದಿಯಂತೆ ಬದಲಾಗತಕ್ಕದ್ದು ಎಂಬ ಪದ್ಧತಿಯನ್ನು ಸೂಚಿಸಿದರು. ಮೊದಲು ಇದಕ್ಕೆ ವಿರೋಧವು ಬಂದಿತು. ಅವರು ಬೇಸರಗೊಳ್ಳದೆ ರೈತರಿಗೂ ಪತ್ರಿಕೆಗಳಿಗೂ ವಿವರಿಸಿ ಹೇಳಿ ಒಪ್ಪಿಸಿದರು. ಬ್ಲಾಕ್ ಪದ್ಧತಿಯೆಂದು ಇದು ಪ್ರಸಿದ್ಧವಾಯಿತು.

1906ರಲ್ಲಿ ಏಡನ್ ನಗರದ ನೀರಿನ ಸಮಸ್ಯೆಯನ್ನು ಪರೀಕ್ಷಿಸಿ ವರದಿಯನ್ನು ಕೊಟ್ಟ ಬಳಿಕ, ಅವರು ಮುಂಬಯಿ ಸರ್ಕಾರದ ಸೇವೆಯಿಂದ ಬಿಡುಗಡೆ ಹೊಂದಿ ವಿದೇಶ ಸಂಚಾರಕ್ಕೆ ಹೊರಟರು. 1908ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಮೂಸಿ ನದಿಯು ಉಕ್ಕಿ ನಗರದೊಳಗೆ ನುಗ್ಗಿತು. ಸಾವಿರಾರು ಜನರು ಪ್ರಾಣವನ್ನು ಕಳೆದುಕೊಂಡರು. ನಿಜಾಮರ ಸರ್ಕಾರವು ಪರದೇಶದಲ್ಲಿದ್ದ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ನದಿಯ ಮೇಲುಭಾಗದಲ್ಲಿ ಜಲಾಶಯಗಳನ್ನು ಕಟ್ಟಿ, ಪ್ರವಾಹದ ಬಿರುಸನ್ನು ಅಲ್ಲಿಯೇ ತಡೆದು, ನಗರವು ತಾಳಬಲ್ಲಷ್ಟು ನೀರನ್ನು ಮಾತ್ರ ಕೆಳಗೆ ಬಿಡಬೇಕೆಂದು ಅವರು ಸಲಹೆಯಿತ್ತರು. ಆ ಯೋಜನೆಯ ಫಲವಾಗಿ ಮೂಸಿಯ ಮೇಲೆ ಉಸ್ಮಾನ್‌ಸಾಗರವೂ ಅದರ ಉಪನದಿಯಾದ ಈಸಿಯ ಮೇಲೆ ಹಿಮಾಯತ್‌ಸಾಗರವೂ ನಿರ್ಮಾಣವಾದುವು. ಪ್ರವಾಹದ ಕಾಲದಲ್ಲಿ ಬಾಗಿಲಿನ ಸ್ಥಾನವೆಂಬುದು ಎಷ್ಟು ಮನೆಗಳ ದೀಪ ಉಳಿಯಬೇಕೆಂಬ ಪ್ರಶ್ನೆಯೇ ಆಗುತ್ತದೆಂಬುದಕ್ಕೆ ಹೈದರಾಬಾದು ಸಾಕ್ಷಿ.

1909ರಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿ ತಾಯ್ನಾಡಿಗೆ ಮರಳಿದರು. ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ತು ಉತ್ಪನ್ನವಾಗಿ ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಗೆಯಲ್ಲಿ ಕಾವೇರಿಯು ಬಡವಾದಾಗ ವಿದ್ಯುತ್ತೂ ಬಡವಾಗುವುದು. ಮಂಡ್ಯದ ಬಯಲುಗಳು ಮಳೆಯಿಲ್ಲದೆ ಬೆಂದುಹೋಗುವುವು. ಈ ಎರಡು ಕೊರತೆಗಳನ್ನು ನೀಗಲು ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟನ್ನು ಕಟ್ಟುವ ಕಾರ್ಯವು 1911ರಲ್ಲಿ ಆರಂಭವಾಯಿತು. ಸಿಮೆಂಟು ದುರ್ಲಭವಾಗಿದ್ದ ಆ ಕಾಲದಲ್ಲಿ ಸುಣ್ಣಕ್ಕೆ ಇಟ್ಟಿಗೆಯ ಪುಡಿಯನ್ನು ಬೆರೆಸಿದ ಸುರ್ಕಿ ಗಾರೆಯಿಂದ, ಸುಮಾರು 8,600 ಅಡಿ ಉದ್ದದ ಆ ಕಲ್ಲುಕಟ್ಟಡವು ಮೇಲೆದ್ದಿತು. ಕನ್ನಂಬಾಡಿ ಗ್ರಾಮವು ನೀರಿನಲ್ಲಿ ಮುಳುಗಿತು. ಇತರರ ಹೊಲಗಳು ಹಸುರಾಗಲೆಂದು ತಮ್ಮ ಮನೆಯಂಗಳವನ್ನು ಬಿಟ್ಟುಕೊಟ್ಟು ಹೋದ ಆ ಗ್ರಾಮಸ್ಥರ ತ್ಯಾಗವನ್ನೂ ನಾವು ಮರೆಯಲಾಗದು.

ಕೃಷ್ಣರಾಜಸಾಗರದ ನೀರಿನ ವಿಷಯದಲ್ಲಿ ಮೈಸೂರಿಗೂ ಮದರಾಸಿಗೂ ದೀರ್ಘವಾದ ವಿವಾದವು ನಡೆದು 1924ರಲ್ಲಿ ಒಪ್ಪಂದವಾಯಿತು. ನದಿಯ ಕೆಳಭಾಗದಲ್ಲಿ ಅಳತೆಗೋಲು ತೋರಿಸುವ ಮಟ್ಟಕ್ಕೆ ತಕ್ಕಂತೆ ಮೇಲಿನ ಜಲಾಶಯವು ಎಷ್ಟು ನೀರನ್ನು ಬಿಡಬೇಕೆಂಬ ನಿಯಮವು ಅದರಲ್ಲಿ ಸೇರಿತು. ಬಾಗಿಲಿನ ಸ್ಥಾನ, ಅಳತೆಗೋಲಿನ ಅಂಕೆ ಇವು ಎರಡು ನಾಡುಗಳ ನಡುವಣ ನಂಬಿಕೆಗೆ ತಳಹದಿಗಳಾದುವು. ಅಳತೆಯು ಸುಳ್ಳಾದರೆ ನಂಬಿಕೆಯು ಉಳಿಯದು.

1912ರಿಂದ 1918ರವರೆಗೆ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದರು. ಮೈಸೂರು ಬ್ಯಾಂಕು 1913ರಲ್ಲಿಯೂ, ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿಯೂ, ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿಯೂ ಹುಟ್ಟಿದುವು. ಸರ್ಕಾರಿ ಉದ್ಯೋಗಗಳಲ್ಲಿ ಹಿಂದುಳಿದ ವರ್ಗದವರಿಗೆ ಸ್ಥಾನಗಳನ್ನು ಮೀಸಲಿಡುವ ವಿಷಯದಲ್ಲಿ ಮಹಾರಾಜರ ಅಭಿಪ್ರಾಯಕ್ಕೂ ಅವರ ಅಭಿಪ್ರಾಯಕ್ಕೂ ಅಂತರವುಂಟಾಗಿ ಅವರು ಪದವಿಯನ್ನು ಬಿಟ್ಟರು. ಆ ವಿಷಯದಲ್ಲಿ ಮಹಾರಾಜರ ನಿಲುವೇ ನಾಡಿನ ಅನೇಕರಿಗೆ ವಿದ್ಯೆಯ ಮತ್ತು ಉದ್ಯೋಗದ ಬಾಗಿಲನ್ನು ತೆರೆಯಿತೆಂಬುದನ್ನೂ ಇಲ್ಲಿ ಹೇಳತಕ್ಕದ್ದು. ಮಹಾಪುರುಷರ ಎಲ್ಲ ಅಭಿಪ್ರಾಯಗಳನ್ನೂ ಒಪ್ಪಲೇಬೇಕೆಂಬ ನಿರ್ಬಂಧವಿಲ್ಲ. ಅವರ ಪ್ರಾಮಾಣಿಕತೆಯನ್ನು ಗೌರವಿಸಿದರೆ ಸಾಕು.

ಪದವಿಯಿಂದಿಳಿದ ಮೇಲೂ ಅವರು ವಿಶ್ರಮಿಸಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಮೇಲೆತ್ತಲು ವರ್ಷಗಟ್ಟಲೆ ಶ್ರಮಿಸಿದರು. ಮುಂಬಯಿಯಲ್ಲಿ ಔದ್ಯೋಗಿಕ ಶಿಕ್ಷಣದ ಬಗ್ಗೆ ವಿಚಾರಮಾಡಿದ ಸಮಿತಿಗೆ ಅಧ್ಯಕ್ಷರಾಗಿದ್ದರು. ಕೃಷ್ಣರಾಜಸಾಗರವು 1930ರ ದಶಕದ ಆರಂಭದಲ್ಲಿ ಪೂರ್ತಿಯಾಯಿತು. ಅಲ್ಲಿಂದ ಮಂಡ್ಯದ ಕಡೆಗೆ ಹರಿದ ಕಾಲುವೆಗೆ ಈಗ ವಿಶ್ವೇಶ್ವರಯ್ಯನವರ ಹೆಸರಿದೆ. 1955ರಲ್ಲಿ ಭಾರತ ಸರ್ಕಾರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಅವರ ಜೀವನದ ಸಂಧ್ಯಾಕಾಲದಲ್ಲಿ, ಅವರ ಯೌವನದ ಕಾರ್ಯಭೂಮಿಯಲ್ಲಿಯೇ ಒಂದು ದಾರುಣ ಸಂಗತಿ ನಡೆಯಿತು. ಖಡಕ್‌ವಾಸ್ಲೆಯ ಮೇಲುಭಾಗದಲ್ಲಿ, ಅಂಬಿ ನದಿಗೆ ಅಡ್ಡಲಾಗಿ, ಪಾನಶೇತದಲ್ಲಿ ಹೊಸದೊಂದು ಮಣ್ಣಿನ ಕಟ್ಟೆಯು ನಿರ್ಮಾಣವಾಗುತ್ತಿತ್ತು. ನೀರನ್ನು ಹೊರಬಿಡುವ ಸುರಂಗದ ಬಾಗಿಲೂ ಅದನ್ನು ಎತ್ತಿ ಇಳಿಸುವ ಏರ್ಪಾಡೂ ಪೂರ್ಣವಾಗುವ ಮುನ್ನವೇ 1961ರ ಮಳೆಗಾಲವು ಬಂದು ಜಲಾಶಯವು ತುಂಬತೊಡಗಿತು. ಹತೋಟಿಯಿಲ್ಲದೆ ಭೋರ್ಗರೆದು ನುಗ್ಗಿದ ನೀರಿನ ಹೊಡೆತಕ್ಕೆ ಕಟ್ಟೆಯ ಒಳಗಿನ ಕಟ್ಟಡವು ಸಡಿಲಿ, ಮೇಲಿನ ಮಣ್ಣು ಕುಸಿಯಿತು. ಜುಲೈ 12ರಂದು ಪಾನಶೇತವು ಒಡೆಯಿತು. ಆ ಮಹಾಪೂರವನ್ನು ತಡೆಯಲಾರದೆ ಅದೇ ದಿನ ಖಡಕ್‌ವಾಸ್ಲೆಯ ಹಳೆಯ ಕಟ್ಟೆಯೂ ಒಡೆದು, ಪುಣೆಯ ನದೀತೀರದ ಬಡಾವಣೆಗಳು ಜಲಮಯವಾದುವು. ಮಳೆಯ ಪ್ರವಾಹಕ್ಕಾಗಿ ಮಾಡಿದ ಬಾಗಿಲು, ಮೇಲಿನ ಜಲಾಶಯವೇ ಬಂದು ಬಿದ್ದಾಗ ಏನು ಮಾಡೀತು? ಖಡಕ್‌ವಾಸ್ಲೆಯ ಕಟ್ಟೆಯನ್ನು ಅನಂತರ ಮತ್ತೆ ಕಟ್ಟಲಾಯಿತು. ಆದರೆ ಆ ದಿನವು ಕಲಿಸಿದ ಪಾಠವು ಇಂದಿಗೂ ಹಳೆಯದಾಗಿಲ್ಲ. ಬಾಗಿಲು ಸಿದ್ಧವಾಗದೆ ನೀರನ್ನು ನಿಲ್ಲಿಸಬಾರದು.

ಮರುವರ್ಷ, 1962ರ ಏಪ್ರಿಲ್ ತಿಂಗಳಿನಲ್ಲಿ, ನೂರು ವರ್ಷಗಳ ತುಂಬುಜೀವನವನ್ನು ನಡೆಸಿದ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ದೈವಾಧೀನರಾದರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ. ಅವರು ಹುಟ್ಟಿದ ಸೆಪ್ಟೆಂಬರ್ 15ನೆಯ ದಿನವನ್ನು ನಮ್ಮ ದೇಶದಲ್ಲಿ ಎಂಜಿನಿಯರುಗಳ ದಿನವೆಂದು ಆಚರಿಸುತ್ತಾರೆ.

ಅವರು ತೀರಿಕೊಂಡು ಅರವತ್ತು ವರ್ಷಗಳಿಗೂ ಮೇಲಾಗಿದ್ದರೂ ಅವರು ಚಿಂತಿಸಿದ ವಿಷಯವು ತೀರಿಲ್ಲ. 2024ನೆಯ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಣಿಯು ತುಂಡಾಗಿ, ಬಾಗಿಲೇ ಕೊಚ್ಚಿಕೊಂಡು ಹೋಯಿತು. ಬೆಳೆಗೆಂದು ಕೂಡಿಟ್ಟ ನೀರು ಹಗಲೂ ರಾತ್ರಿಯೂ ಹರಿದುಹೋಗುತ್ತಿರಲು ಎರಡು ಮೂರು ರಾಜ್ಯಗಳ ರೈತರು ಕಂಗಾಲಾದರು. ಹರಿಯುವ ನೀರಿನ ನಡುವೆಯೇ ಕೆಲಸಗಾರರು ಪ್ರಾಣದ ಹಂಗನ್ನು ತೊರೆದು, ಕಬ್ಬಿಣದ ಹಲಗೆಗಳನ್ನು ಒಂದರ ಮೇಲೊಂದಾಗಿ ಇಳಿಸಿ, ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಿದರು. ಎಷ್ಟೇ ಜಾಣತನದ ಯಂತ್ರವಾದರೂ ಅದನ್ನು ಕಾಲಕಾಲಕ್ಕೆ ನೋಡಿ, ಸವೆದುದನ್ನು ಬದಲಿಸುವ ಮನುಷ್ಯನ ಕಣ್ಣು ಬೇಕೇ ಬೇಕು. ವಿಶ್ವೇಶ್ವರಯ್ಯನವರ ಬಾಗಿಲು ಕಾವಲುಗಾರನ ಕೈಯ ಶ್ರಮವನ್ನು ತಪ್ಪಿಸಿತೇ ಹೊರತು ಮನುಷ್ಯನ ಹೊಣೆಯನ್ನು ತಪ್ಪಿಸಲಿಲ್ಲ.

ಬಾಲಮಿತ್ರರೇ, ಇದೆಲ್ಲ ದೂರದ ಮಾತೆಂದು ತಿಳಿಯಬೇಡಿರಿ. ನಮ್ಮ ಕಳವಾ, ಮುಂಬ್ರಾ, ದಿವಾ ಭಾಗಗಳಿಗೆ ಬರುವ ನೀರಿನಲ್ಲಿ ಬದಲಾಪುರದ ಬಳಿಯ ಬಾರವಿ ಜಲಾಶಯದ ಪಾಲೂ ಇದೆ. ಆ ಜಲಾಶಯದಲ್ಲಿ ಹೆಚ್ಚು ನೀರು ನಿಲ್ಲಲೆಂದು ಕೋಡಿಯ ಮೇಲೆ 11 ಬಾಗಿಲುಗಳನ್ನು ಅಳವಡಿಸಿದ್ದಾರೆ. ನೀರಿನ ಮಟ್ಟವು 72.60 ಮೀಟರುಗಳನ್ನು ಮುಟ್ಟಿದೊಡನೆ ಆ ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಅವು ತೆರೆದ ಸುದ್ದಿಯನ್ನು ಮರಾಠಿ ಪತ್ರಿಕೆಗಳಲ್ಲಿ ನಾವು ಓದುತ್ತೇವೆ. ಅವುಗಳ ಕಟ್ಟಡ ಬೇರೆ, ಕಾಲ ಬೇರೆ. ಆದರೆ ಇದೇ ಮಹಾರಾಷ್ಟ್ರದ ನೆಲದಲ್ಲಿ 1903ರಲ್ಲಿ ಒಬ್ಬ ಕನ್ನಡಿಗರು ನೀರಿನಿಂದಲೇ ನೀರಿನ ಬಾಗಿಲನ್ನು ತೆರೆಸಿದ ಸಂಗತಿಯನ್ನು ಆ ಸುದ್ದಿಯು ನೆನಪಿಗೆ ತರುತ್ತದೆ.

ನಾಳೆ ಬೆಳಗ್ಗೆ ಚಾವಿವಾಲಾ ಬಂದಾಗ ಸ್ವಲ್ಪ ಹೊತ್ತು ನಿಂತು ನೋಡಿರಿ. ಅವನು ಸುತ್ತುಗಳನ್ನು ಎಣಿಸುವಾಗ ಮಾತನಾಡಿಸಬೇಡಿರಿ. ಎಣಿಕೆಯು ಮುಗಿದ ಮೇಲೆ ಕಾಕಾ ಎಂದು ಕರೆದು, ಎಷ್ಟು ಸುತ್ತು ತಿರುಗಿಸಿದರೆ ನಮ್ಮ ಬೀದಿಗೂ ಮುಂದಿನ ಬೀದಿಗೂ ನೀರು ಸಮವಾಗಿ ಹೋಗುವುದೆಂದು ಕೇಳಿರಿ. ಮುದ್ದೇನಹಳ್ಳಿಯ ಹುಡುಗನು ತನ್ನ ಬಾಳೆಲ್ಲ ಕೇಳಿದ ಪ್ರಶ್ನೆಯೂ ಅದೇ ಆಗಿತ್ತು.